ಗುಂಡಿ ಒಳಗಡೆ ಇರಲಿ

ಆ ಮನುಷ್ಯ ನಮ್ಮ ಅಂಗಡಿಗೆ ಬಂದದ್ದು ಮೇ ತಿಂಗಳ ಕೊನೆಯಲ್ಲಿ. ಮುಂಬೈ ಹೊರಗಿನ ರಬಾಳೆಯ ಕಾರ್ಖಾನೆಗಳವರೆಲ್ಲ ಮಳೆ ಬೀಳುವ ಮೊದಲು ಟಾರ್ಪಾಲು ಸರಿಮಾಡಿಸಿಕೊಳ್ಳಲು ನಮ್ಮ ಬಾಗಿಲಲ್ಲಿ ನಿಲ್ಲುವ ಕಾಲ ಅದು. ಅವನು ಯಾರೊಂದಿಗೂ ಮಾತಾಡದೆ ಒಂದು ಬದಿಗೆ ನಿಂತು, ಗಿರಾಕಿಗಳೆಲ್ಲ ಹೋಗುವವರೆಗೆ ಕಾದ. ಮೊದಲು ನನಗೆ ಸರಿಬಾರದೆ ಹೋದದ್ದು ಅದೇ. ಮೇ ತಿಂಗಳಲ್ಲಿ ಅವಸರವಿಲ್ಲದ ಗಿರಾಕಿಯನ್ನು ನಾನು ನೋಡಿಯೇ ಇರಲಿಲ್ಲ.

ಕೊನೆಗೆ ಹತ್ತಿರ ಬಂದು, ಕಂಕುಳಲ್ಲಿದ್ದ ಸುರುಳಿಯನ್ನು ಬಿಚ್ಚಿ ಮೇಜಿನ ಮೇಲೆ ಹರಡಿದ. ಹಳೆಯ ಮರಾಠಿ ಪೇಪರನ್ನು ಚೌಕ ಚೌಕವಾಗಿ, ಮೂಲೆಗಳನ್ನು ದುಂಡಗೆ ಕತ್ತರಿಸಿ ತಂದಿದ್ದ. ಹಿಂದಿಯಲ್ಲಿ ಮಾತು ಶುರುಮಾಡಿದವನು, ನಾನು ಗಂಡನ ಹತ್ತಿರ ಕನ್ನಡದಲ್ಲಿ ಕತ್ತರಿ ಕೇಳಿದ್ದು ಕಿವಿಗೆ ಬಿದ್ದೊಡನೆ ಕನ್ನಡಕ್ಕೆ ಹೊರಳಿದ. ಬಿಜಾಪುರದ ಕಡೆಯ ಮಾತು.

“ಬೋಟಿನ ಹ್ಯಾಚಿಗೆ ಕವರ್ ಬೇಕಾಗ್ಯಾವ್ರಿ ಅಕ್ಕಾರ. ಹಾಯಿ ಬೋಟು. ನೀವು ಹೊಲೀತೀರಿ ಅಂತ ಕೇಳೀನಿ.”

ಹೌದು, ಹೊಲಿಯುತ್ತಿದ್ದೆವು. ನನ್ನ ಗಂಡ ಠಾಣೆ ಪಟ್ಟಣದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತು ಸಾಕಾಗಿ ಆ ಕೆಲಸ ಬಿಟ್ಟು, ರಬಾಳೆಯಲ್ಲಿ ದಪ್ಪ ಬಟ್ಟೆ ಹೊಲಿಯುವ ಯಂತ್ರಗಳನ್ನು ಹಾಕಿದ್ದರು. ಉಡುಪಿಯಲ್ಲಿ ರವಿಕೆ ಹೊಲಿಯಲು ಕಲಿತಿದ್ದ ನಾನು ಲಾರಿ ಟಾರ್ಪಾಲು, ರಿಕ್ಷಾದ ಹುಡ್ಡು, ಯಂತ್ರಗಳ ಮುಸುಕು ಎಲ್ಲ ಹೊಲಿಯುವವಳಾದೆ. ದಿನಾ ಡೊಂಬಿವಲಿಯಿಂದ ಠಾಣೆಗೆ ಬಂದು, ಗಾಡಿ ಬದಲಿಸಿ ರಬಾಳೆಗೆ ಹೋಗುವುದು. ಮುಂಬೈಯಲ್ಲಿ ಹಾಯಿ ರಿಪೇರಿ ಮಾಡುವ ಒಬ್ಬ ಮುದುಕ, ತನ್ನ ಕೈಲಾಗದ ಚಿಲ್ಲರೆ ಕೆಲಸವನ್ನು ಆಗಾಗ ನಮಗೆ ಕಳಿಸುತ್ತಿದ್ದ. ಹ್ಯಾಚಿನ ಕವರು ಅಂಥದ್ದೊಂದು ಕೆಲಸ.

ಹ್ಯಾಚ್ ಅಂದರೆ ಹಾಯಿದೋಣಿಯ ಡೆಕ್ಕಿನಲ್ಲಿರುವ ಮುಚ್ಚಳದಂಥ ಕಿಟಕಿ. ಗಾಜಿನಂತೆ ಕಾಣುವ ದಪ್ಪ ಪ್ಲಾಸ್ಟಿಕ್ಕಿನದು. ಕೆಳಗಿನ ಕೋಣೆಗೆ ಬೆಳಕು ಗಾಳಿ ಎರಡೂ ಅದರಿಂದಲೇ. ನಮ್ಮ ಬಿಸಿಲಿಗೆ ಆ ಪ್ಲಾಸ್ಟಿಕ್ ಕೆಲವೇ ವರ್ಷದಲ್ಲಿ ಮಂಜಾಗಿ ಬಿರುಕು ಬಿಡುತ್ತದೆ. ಅದಕ್ಕೇ ಮಗುವಿನ ತಲೆಗೆ ಟೊಪ್ಪಿ ಹಾಕಿದ ಹಾಗೆ ಬಟ್ಟೆಯ ಕವರು ಹಾಕುತ್ತಾರೆ. ಸಡಿಲಾದರೆ ಗಾಳಿಗೆ ಹಾರಿಹೋಗುತ್ತದೆ, ಬಿಗಿಯಾದರೆ ಮೂಲೆಯಲ್ಲಿ ಹರಿಯುತ್ತದೆ. ಒಂದೊಂದು ಹ್ಯಾಚಿನ ಮೂಲೆಯೂ ಒಂದೊಂದು ತರ. ಅಂಚಿಗೆ ಇಲಾಸ್ಟಿಕ್ ಅಥವಾ ಟಿಚ್ ಬಟನ್, ಅಂದರೆ ಒತ್ತಿ ಹಾಕುವ ಗುಂಡಿ. ಅದು ಹೊರಗಡೆ, ಯಾವಾಗಲೂ ಹೊರಗಡೆ.

“ಬಟ್ಟಿ ಕರೀದಿರ್ಲಿ ರೀ,” ಅಂದ ಅವನು. “ದಪ್ಪಂದು. ಮತ್ತ ಗುಂಡಿ ಒಳಗಡೆ ಇರ್ಲಿ.”

“ಒಳಗಡೆಯಾ?”

“ಹೂಂ ರೀ. ಕೆಳಗ ಕೋಣ್ಯಾಗ ನಿಂತು ಹಾಕೂ ಹಂಗ.”

ನಾನು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟೆ. “ಬಿಸಿಲು ಬರುವುದು ಮೇಲಿನಿಂದ. ಒಳಗೆ ಬಟ್ಟೆ ಕಟ್ಟಿದರೆ ನಿಮ್ಮ ಪ್ಲಾಸ್ಟಿಕ್ ಉಳಿಯುವುದು ಹೇಗೆ?”

ಅವನು ಪೇಪರಿನ ಅಂಚನ್ನು ಉಗುರಿನಿಂದ ನೇವರಿಸುತ್ತ, “ಸಾಹೇಬ್ರು ಹಂಗ ಹೇಳ್ಯಾರ್ರಿ,” ಅಂದ. ಸಾಹೇಬರು ಎಲ್ಲಿ? ಪರದೇಶದಾಗ. ಅವರ ನಂಬರು? ಅವರು ಎತ್ತಂಗಿಲ್ಲ. ದೋಣಿ ಎಲ್ಲಿದೆ? ಬೇಲಾಪುರದ ಆ ಕಡೆ, ಖಾಡಿ ಎಂಬ ಸಮುದ್ರದ ಹಿನ್ನೀರಿನ ದಂಡೆಯ ಮೇಲೆ. ಪ್ರತಿ ಉತ್ತರವೂ ನನ್ನ ಪ್ರಶ್ನೆಗಿಂತ ಗಿಡ್ಡ. ನನ್ನ ಗಂಡ ತುಳುವಿನಲ್ಲಿ, “ಇವನಿಗೆ ಹೂಂ ಅನ್ನಬೇಡ, ಇಲ್ಲ ಅಂತಲೂ ಅನ್ನಬೇಡ,” ಅಂದರು. ತನಗೆ ತಿಳಿಯದಿರಲೆಂದೇ ನಾವು ಮಾತು ಬದಲಿಸಿದ್ದು ಅವನಿಗೆ ಗೊತ್ತಾಯಿತು. ಕಣ್ಣು ಕೆಳಗೆ ಹಾಕಿದ.

ದೋಣಿ ನೋಡದೆ ಕತ್ತರಿ ಹಾಕುವುದಿಲ್ಲ ಎಂದು ಹೇಳಿ ಕಳಿಸಿದೆ. ಅದು ನೆಪವಾಗಿರಲಿಲ್ಲ. ಪೇಪರಿನ ಅಳತೆ ನಂಬಿ ಹೊಲಿದ ಕವರು ಎಂದೂ ಕೂತದ್ದಿಲ್ಲ.

ಉಗ್ರರು ಸಮುದ್ರದ ದಾರಿಯಿಂದ ಬಂದು ದಾಳಿ ಮಾಡಿದ ಮೇಲಿನ ಆ ವರ್ಷಗಳಲ್ಲಿ ಮುಂಬೈ ಸುತ್ತಮುತ್ತ ದೋಣಿ ಅಂದರೆ ಜನ ಒಮ್ಮೆ ತಿರುಗಿ ನೋಡುತ್ತಿದ್ದರು. ಸ್ಟೇಷನ್ನಿನಲ್ಲಿ ಗಾಡಿಗಿಂತ ಹೆಚ್ಚು ಕೇಳುತ್ತಿದ್ದದ್ದು ‘ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ’ ಎಂಬ ಘೋಷಣೆ. ಪಕ್ಕದ ಅಂಗಡಿಯ ಲೇಥ್‌ನವನಿಗೆ ನನ್ನ ಗಂಡ ಬಾಯಿ ತಪ್ಪಿ ವಿಷಯ ಹೇಳಿಬಿಟ್ಟರು. ಅವನು ಚಹಾ ಕುಡಿಯುತ್ತ, “ಡೀಸೆಲ್ ಕಾ ಧಂದಾ ಹೋಗಾ, ನಹೀಂ ತೋ ಉಸ್ಸೆ ಭೀ ಬಡಾ,” ಎಂದು ಕಣ್ಣು ಮಿಟುಕಿಸಿ, ಡೀಸೆಲ್ಲಿನ ಕಳ್ಳದಂಧೆಯೋ ಅದಕ್ಕಿಂತ ದೊಡ್ಡದೋ ಎಂಬ ಸಂಶಯ ಬಿತ್ತಿ ಹೋದ. ಆಮೇಲೆ ಗಂಡ ಊಟ ಸರಿಯಾಗಿ ಮಾಡಲಿಲ್ಲ.

“ಪೊಲೀಸರಿಗೆ ಒಂದು ಮಾತು ಹೇಳಿ ಬಿಡುವ ಮಾರಾಯ್ತಿ. ನಾಳೆ ಎಂತದಾದರೂ ಆದರೆ ನಮ್ಮ ಹೆಸರು ಬರ್ತದೆ.”

“ಎಂತ ಹೇಳುದು ಮಾರಾಯ್ರೇ? ಒಬ್ಬ ಗುಂಡಿ ಒಳಗೆ ಹಾಕ್ಲಿಕ್ಕೆ ಹೇಳಿದ ಅಂತಲಾ?”

ಆದರೆ ನನ್ನ ತಲೆಯಲ್ಲೂ ಅದೇ ತಿರುಗುತ್ತಿತ್ತು. ಕಪ್ಪು ಬಟ್ಟೆ ಬೆಳಕನ್ನು ತಡೆಯಲು. ಗುಂಡಿ ಒಳಗಡೆ ಅಂದರೆ ಅದನ್ನು ಹಾಕುವವರು ಒಳಗಿರುತ್ತಾರೆ. ಹಾಗಾದರೆ ಹೊರಗಿನ ಬೆಳಕು ಒಳಗೆ ಬಾರದಿರಲಿ ಎಂದಲ್ಲ, ಒಳಗಿನದು ಹೊರಗೆ ಹೋಗದಿರಲಿ ಎಂದು. ದಡದ ಮೇಲೆ ಎಳೆದಿಟ್ಟ ದೋಣಿಯೊಳಗೆ ದೀಪ ಹಚ್ಚಿಕೊಂಡು ಅಡಗಿ ಮಾಡುವ ಕೆಲಸವಾದರೂ ಏನು?

ದೋಣಿ ತೋರಿಸಲು ಅವನು ಎರಡು ಸಲ ದಿನ ಮುಂದೂಡಿದ. ಒಮ್ಮೆ ದೋಣಿ ಇಟ್ಟಿರುವ ಅಂಗಳದ ಮಾಲೀಕ ಬಂದಿದ್ದಾನೆ ಅಂದ, ಇನ್ನೊಮ್ಮೆ ಏಣಿ ಇಲ್ಲ ಅಂದ. ಕೊನೆಗೆ ಒಂದು ಭಾನುವಾರ ಮಧ್ಯಾಹ್ನ ಬರಲು ಹೇಳಿದ. ನಾನೂ ಗಂಡನೂ ಬೇಲಾಪುರದಲ್ಲಿ ಇಳಿದು ರಿಕ್ಷಾ ಹಿಡಿದೆವು. ಗಂಡ ರಿಕ್ಷಾದವನ ನಂಬರನ್ನು ಮೊಬೈಲಿನಲ್ಲಿ ಒತ್ತಿ ಇಟ್ಟುಕೊಂಡರು.

ಅದು ದೋಣಿ ರಿಪೇರಿಯ ಅಂಗಳ. ಮಳೆಗಾಲಕ್ಕೆ ಮೊದಲು ಸಿರಿವಂತರ ಹಾಯಿದೋಣಿಗಳನ್ನು ನೀರಿನಿಂದ ಎತ್ತಿ, ಕಬ್ಬಿಣದ ಕಾಲುಗಳ ಮೇಲೆ ಸಾಲಾಗಿ ನಿಲ್ಲಿಸಿದ್ದರು. ನೀರಿನಲ್ಲಿ ನೋಡಿದಾಗ ಚಂದ ಕಾಣುವ ದೋಣಿ ಒಣ ನೆಲದ ಮೇಲೆ ಎರಡು ಅಂತಸ್ತಿನ ಮನೆಯಷ್ಟು ಎತ್ತರ, ಹೊಟ್ಟೆ ತೋರಿಸಿಕೊಂಡು ನಿಂತಿರುತ್ತದೆ. ಆಚೆ ಹಿನ್ನೀರಿನಲ್ಲಿ ಬೆಳೆದ ಕಾಂಡ್ಲಾ ಕಾಡು, ಕೆಸರಿನ ವಾಸನೆ. ಒಬ್ಬನೇ ಒಬ್ಬ ಕೆಲಸಗಾರ ಕಾಣಲಿಲ್ಲ. ಅವನು ನಮ್ಮನ್ನು ಕೊನೆಯ ಸಾಲಿನ ಬಿಳಿ ದೋಣಿಯ ಹತ್ತಿರ ಕರೆದೊಯ್ದು, “ನಿಲ್ರಿ, ನಾ ಮೊದ್ಲ ಹತ್ತತೀನಿ,” ಎಂದು ಏಣಿ ಏರಿದ. ಮೇಲೆ ಏನೋ ಎಳೆದ, ಮುಚ್ಚಿದ ಸದ್ದು. ಆಮೇಲೆ ಬನ್ನಿ ಎಂದ.

ನಾನು ಚೂಡಿದಾರದ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಹತ್ತಿದೆ. ಡೆಕ್ಕು ಹಂಚಿನ ಹಾಗೆ ಕಾದಿತ್ತು. ಹ್ಯಾಚಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹರಡಿ, ಮೂಲೆ, ಕೀಲು, ಹಿಡಿಕೆ ಎಲ್ಲವನ್ನೂ ಪೆನ್ನಿನಲ್ಲಿ ಗುರುತು ಮಾಡತೊಡಗಿದೆ. ಹಾಳೆಯ ಮೂಲಕ ಕಂಡದ್ದು ಇದು: ಕೆಳಗಡೆ ಪ್ಲಾಸ್ಟಿಕ್ಕಿಗೆ ಅಂಟಿಸಿದಂತೆ ಹೂವಿನ ಚಿತ್ರದ ಬೆಡ್‌ಶೀಟು ಕಟ್ಟಿತ್ತು. ಅದರ ಮೇಲೆ ಹಬೆಯ ಹನಿಗಳಿದ್ದವು.

“ಒಳಗೆ ಯಾರಿದ್ದಾರೆ?”

“ಯಾರಿಲ್ರಿ. ಪೇಂಟಿನ ಕೆಲ್ಸ ನಡದೈತಿ.”

ಆಗ ಡೆಕ್ಕಿನ ಕೆಳಗಿನಿಂದ ಪಟ್ ಪಟ್ ಪಟ್ ಎಂದು ಒಂದೇ ಸಮನೆ ಸದ್ದು ಬಂತು. ಗಂಡ ಏಣಿಯ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದರು. “ಎಂತದೋ ಮೆಷಿನ್ ಓಡ್ತಾ ಉಂಟು, ಇಳಿ ಬೇಗ,” ಎಂದು ತುಳುವಿನಲ್ಲಿ ಪಿಸುಗುಟ್ಟಿದರು. ನಾನು ಕಿವಿಗೊಟ್ಟೆ. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಎದುರಿನ ಮನೆಯವರು ಬಾಗಲಕೋಟೆಯವರು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಅದು ಜೋಳದ ರೊಟ್ಟಿ ಬಡಿಯುವ ಸದ್ದು.

“ಪೇಂಟಿನವರು ರೊಟ್ಟಿ ಬಡೀತಾರಾ?” ಅಂದೆ.

ಅವನ ಮುಖದ ಬಣ್ಣ ಹೋಯಿತು. ಬಡಿಯುವುದೂ ನಿಂತಿತು. ಬೆಡ್‌ಶೀಟಿನ ಒಂದು ಮೂಲೆ ಸರಿಯಿತು. ಹಿಟ್ಟು ಮೆತ್ತಿದ ಕೈ, ಹಸಿರು ಬಳೆ, ಆಮೇಲೆ ಮೇಲೆ ನೋಡುವ ಒಂದು ಹೆಣ್ಣುಮುಖ. ಅವಳು ಅವನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

“ಬಿಡ್ರಿ ಅವ್ರನ್ನ. ಒಳಗ ಬರ್ಲಿ,” ಅಂದಳು.

ಒಳಗೆ ಇಳಿದೆ. ಬಾಗಿ ನಡೆಯಬೇಕಾದ ಕೋಣೆ. ಪಾಲಿಶು ಮಾಡಿದ ಮರ, ಹಿತ್ತಾಳೆಯ ಗಡಿಯಾರ, ಅದರ ಕೆಳಗೆ ಸೀಮೆಎಣ್ಣೆ ಸ್ಟೌವು, ಹಂಚು, ರೊಟ್ಟಿಯ ಹಿಟ್ಟು. ಹಾಸಿಗೆಗಳ ಮೇಲೆ ಹಾಸಿದ ಪ್ಲಾಸ್ಟಿಕ್ಕು ಹಾಗೆಯೇ ಇತ್ತು. ಅವರು ಮಲಗುತ್ತಿದ್ದದ್ದು ನೆಲದ ಮೇಲೆ. ಬೆಳ್ಳುಳ್ಳಿ ಒಗ್ಗರಣೆಯ ಹೊಗೆಗೆ ನನ್ನ ಕಣ್ಣಲ್ಲಿ ನೀರು ಬಂತು.

ಅವರು ಹೇಳಿದ ಕತೆ ಇಷ್ಟು. ಅವನು ಆ ಅಂಗಳದ ಕಾವಲಿನವನು. ಹಾಯಿದೋಣಿಯ ಸಾಹೇಬರು ಪ್ರತಿ ಮಳೆಗಾಲವೂ ಮಗಳ ದೇಶಕ್ಕೆ ಹೋಗುತ್ತಾರೆ, ಬೀಗದಕೈ ಇವನ ಹತ್ತಿರ ಇರುತ್ತದೆ. ಗಂಡ ಹೆಂಡತಿ ಇದ್ದದ್ದು ಡೊಂಬಿವಲಿ ಪಕ್ಕದ ಕಲ್ಯಾಣದ ಒಂದು ಹಳೆಯ ಚಾಳಿನ ವಠಾರದಲ್ಲಿ. ಕಟ್ಟಡ ಬೀಳುವ ಸ್ಥಿತಿಯಲ್ಲಿದೆ ಎಂದು ಖಾಲಿ ಮಾಡಿಸಿದರು. ಸರಿಮಾಡಿ ವಾಪಸು ಕೊಡುತ್ತೇವೆ ಅಂದರು, ಆಮೇಲೆ ಅಲ್ಲಿ ಬರೀ ಇಟ್ಟಿಗೆಯ ರಾಶಿ ಉಳಿಯಿತು. ಅಂಗಳದಲ್ಲಿ ಕಾವಲಿನವನಿಗೆ ಮಲಗಲು ಶೆಡ್ಡುಂಟು, ಹೆಂಗಸರಿಗೆ ಜಾಗವಿಲ್ಲ ಎಂದು ಮಾಲೀಕನ ಕಟ್ಟಪ್ಪಣೆ. ಮೊನ್ನೆ ಪಕ್ಕದ ಗೋದಾಮಿನ ಕಾವಲಿನವನು, ನಿಮ್ಮ ಕೊನೆಯ ಬೋಟಿನಲ್ಲಿ ಬೆಳಕು ಕಂಡಿತಲ್ಲ ಎಂದು ಕೇಳಿದ್ದ. ಮಳೆಗೆ ಟಾರ್ಪಾಲು ಹೊದಿಸಿದ ಮೇಲೆ ಇನ್ನೂ ಕಷ್ಟ. ಒಳಗೆ ದೀಪ ಹಚ್ಚಿದರೆ ನೀಲಿ ಟಾರ್ಪಾಲು ಇಡೀ ಕಂದೀಲಿನ ಹಾಗೆ ಹೊಳೆಯುತ್ತದೆ.

ನಂಬಬೇಕೆನ್ನಿಸಿತು. ಆದರೂ ಪೂರ್ತಿ ನಂಬಲಿಲ್ಲ. ಹೆಣ್ಣೊಬ್ಬಳನ್ನು ದೋಣಿಯೊಳಗೆ ಬಚ್ಚಿಟ್ಟವನು ಇಂಥದ್ದೇ ಕತೆ ಹೇಳಬಹುದಲ್ಲ. ಅವನನ್ನು ಅಳತೆಪಟ್ಟಿ ತರಲು ಮೇಲೆ ಕಳಿಸಿ, ಅವಳನ್ನು ಕೇಳಿದೆ.

“ನೀವಾಗಿಯೇ ಇಲ್ಲಿದ್ದೀರಾ? ಇವರು ಹೊರಗಿನಿಂದ ಬೀಗ ಹಾಕ್ತಾರಾ?”

ಅವಳು ರೊಟ್ಟಿ ಹಂಚಿನ ಮೇಲೆ ಹಾಕಿದಳು. “ಅವ್ರು ಮೊದ್ಲ ಗುಂಡಿ ಹೊರಗ ಹಾಕಸ್ತೀನಂದ್ರು. ಒಳಗ ಇರ್ಲಿ ಅಂತ ನಾನ ಅಂದೀನ್ರಿ. ಯಾವಾಗ ತೆಗೀಬೇಕು ಅನ್ನೂದು ನನ್ನ ಕೈಯಾಗ ಇರ್ಬೇಕಲ್ಲ?” ಎಂದಳು.

ನನ್ನನ್ನು ಅಷ್ಟು ದಿನ ಕಾಡಿದ ಗುಂಡಿ ಅವಳದ್ದು. ಒಳಚೌಕಟ್ಟಿನ ಅಳತೆ ತೆಗೆದೆ.

ವಾಪಸು ಬರುವಾಗ ಗಾಡಿಯಲ್ಲಿ ಗಂಡ ತುಳುವಿನಲ್ಲಿ ಮಾತು ಶುರುಮಾಡಿದರು. “ಬೇರೆಯವರ ದೋಣಿ. ಅನುಮತಿ ಇಲ್ಲ. ಸಿಕ್ಕಿಬಿದ್ದರೆ, ಕಪ್ಪು ಬಟ್ಟೆ ಹೊಲಿದು ಕೊಟ್ಟದ್ದು ಯಾರು ಅಂತ ಕೇಳ್ತಾರೆ. ನಮಗೆ ಬೇಡ.”

“ನಾವು ಹೊಲಿಯದಿದ್ದರೆ ಅವರು ಕಂಬಳಿ ತುರುಕ್ತಾರೆ. ಒಳಗೆ ಸ್ಟೌವು ಉರೀತಾ ಉಂಟು. ಉಸಿರು ಕಟ್ಟಿ ಸಾಯ್ತಾರೆ.”

“ಅದು ಅವನ ಹೆಂಡತಿ ಹೌದಾ ಅಂತ ಸಹ ನಿನಗೆ ಗೊತ್ತಿಲ್ಲ.”

“ಇಲ್ಲ,” ಅಂದೆ. “ಗೊತ್ತಿಲ್ಲ.”

ಎದುರು ಕೂತಿದ್ದ ಹೆಂಗಸು ನಮ್ಮ ಮುಖಗಳನ್ನು ನೋಡುತ್ತಿದ್ದಳು. ಅವಳಿಗೆ ತುಳು ಬರುತ್ತದೆಯೋ ಎಂದು ನನಗೆ ಅನುಮಾನವಾಯಿತು.

ಕೊನೆಗೆ ಹೊಲಿದೆ. ಗಂಡ ಒಪ್ಪಲಿಲ್ಲ, ತಡೆಯಲೂ ಇಲ್ಲ. ಅದು ನಾನು ಮಾಡಿದ ಕವರುಗಳಲ್ಲೇ ಕಷ್ಟದ್ದು. ಬೆಳಕು ಹೊರಗೆ ಹೋಗಬಾರದು, ಗಾಳಿ ಮಾತ್ರ ಹೋಗಬೇಕು. ಎರಡು ಪದರ ಬಟ್ಟೆಯನ್ನು ಮೀನಿನ ಕಿವಿರಿನ ಹಾಗೆ ಒಂದರ ಮೇಲೊಂದು ಬರುವಂತೆ ಮಡಚಿ, ನಡುವೆ ಸಂದು ಬಿಟ್ಟೆ. ಮಡಿಕೆ ಬಾಗಿ ಮುಚ್ಚಿಕೊಳ್ಳದಿರಲೆಂದು ಅಂಚಿನಲ್ಲಿ ಪ್ಲಾಸ್ಟಿಕ್ ಪಟ್ಟಿ ತುರುಕಿದೆ. ಉಪ್ಪುಗಾಳಿಗೆ ಕಬ್ಬಿಣದ ಗುಂಡಿ ಒಂದು ಮಳೆಗಾಲವೂ ಬಾಳುವುದಿಲ್ಲ, ಅದಕ್ಕೆ ಹಿತ್ತಾಳೆಯದು. ನಮ್ಮ ಅಂಗಡಿಯ ಹೆಸರಿನ ಪಟ್ಟಿಯನ್ನು ಪ್ರತಿ ಕವರಿನ ಮೂಲೆಗೂ ಹೊಲಿಯುವುದು ವಾಡಿಕೆ. ಅದೊಂದನ್ನು ಬಿಟ್ಟೆ.

ಹಾಕಿ ನೋಡಲು ಹೋದ ದಿನ ಮಟಮಟ ಮಧ್ಯಾಹ್ನ. ಎಲ್ಲ ಕವರು ಹಾಕಿ ಒಳಗೆ ಕೂತರೆ ಮೇಲೆ ನಕ್ಷತ್ರದ ಹಾಗೆ ಬೆಳಕಿನ ಚುಕ್ಕಿಗಳು. ಸೂಜಿ ಚುಚ್ಚಿದ ತೂತುಗಳು! ಬಿಸಿಲು ಒಳಗೆ ಬಂದ ದಾರಿಯಲ್ಲೇ ದೀಪ ಹೊರಗೆ ಹೋಗುತ್ತದೆ. ಹೊಲಿಗೆಯ ಉದ್ದಕ್ಕೂ ತೂತು ಮುಚ್ಚುವಂತೆ ಪಟ್ಟಿ ಅಂಟಿಸಿದೆ. ಸ್ಟೌವು ಒಳಗೆ ಹಚ್ಚುವುದಿಲ್ಲ, ಟಾರ್ಪಾಲಿನ ಕೆಳಗೆ ಡೆಕ್ಕಿನ ಹಿಂಬದಿಯ ತೆರೆದ ಜಾಗದಲ್ಲಿಟ್ಟು ಹಗಲಲ್ಲೇ ಅಡುಗೆ ಮುಗಿಸುತ್ತೇನೆ ಎಂದು ಅವಳಿಂದ ಮಾತು ತೆಗೆದುಕೊಂಡೆ. ಅವನಿಂದಲ್ಲ, ಅವಳಿಂದ.

ಮಿಕ್ಕ ಬಟ್ಟೆಯನ್ನೂ, ಸರಿಬಾರದೆ ವಾಪಸು ತಂದ ಒಂದು ಕವರನ್ನೂ ಚೀಲದಲ್ಲಿಟ್ಟುಕೊಂಡು ಠಾಣೆ ಸ್ಟೇಷನ್ನಿನಲ್ಲಿ ಇಳಿದಾಗ ಪೊಲೀಸಿನವನು ನಿಲ್ಲಿಸಿದ. ಚೀಲದೊಳಗೆ ಕೈಹಾಕಿ ಕಪ್ಪು ಬಟ್ಟೆ ಎಳೆದ. ಗುಂಡಿ, ಪಟ್ಟಿ, ಕಿವಿರಿನಂಥ ಮಡಿಕೆ ಎಲ್ಲವನ್ನೂ ತಿರುಗಿಸಿ ನೋಡಿ, “ಹೇ ಕಾಯ್ ಆಹೇ?” ಎಂದು, ಇದೇನೆಂದು ಮರಾಠಿಯಲ್ಲಿ ಕೇಳಿದ. “ಮಶೀನ್‌ಚಾ ಕವ್ಹರ್ ಸಾಹೇಬ್,” ಅಂದೆ. ಯಾವ ಮಶೀನು ಅಂದ. “ಹವೇಚಾ,” ಅಂದುಬಿಟ್ಟೆ. ಗಾಳಿಯ ಯಂತ್ರ! ಅಂಥದ್ದೊಂದು ಇದೆಯೋ ಇಲ್ಲವೋ ನನಗೇ ತಿಳಿಯದು. ಹಿಂದಿನಿಂದ ಜನ ನೂಕುತ್ತಿದ್ದರು. ಅವನು ಬಟ್ಟೆಯನ್ನು ವಾಪಸು ತುರುಕಿ ಕೈಬೀಸಿದ.

ಆ ಮಳೆಗಾಲವಿಡೀ ನಾನು ಪೇಪರಿನಲ್ಲಿ ದೋಣಿಯ ಸುದ್ದಿ ಹುಡುಕಿದೆ. ಉಸಿರುಗಟ್ಟಿ ಇಬ್ಬರ ಸಾವು ಎಂದು ಎಲ್ಲಾದರೂ ಬಂದೀತೆಂದು ಬೆಳಿಗ್ಗೆ ಪೇಪರು ತೆರೆಯಲು ಹೆದರುತ್ತಿದ್ದೆ. ಅವನು ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ.

ದಸರಾ ಕಳೆದ ಮೇಲೆ ಒಂದು ದಿನ, ಬಿಳಿಗೂದಲಿನ ಎತ್ತರದ ಒಬ್ಬರು ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ನನ್ನ ಕಪ್ಪು ಕವರು. ನನ್ನ ಗಂಡ ಯಂತ್ರದ ಹಿಂದೆ ಸರಿದು ನಿಂತರು.

“ಇದು ನಿಮ್ಮ ಕೆಲಸವಂತೆ. ಹಾಯಿ ರಿಪೇರಿಯ ಮುದುಕ ಹೊಲಿಗೆ ನೋಡಿ ಹೇಳಿದ,” ಎಂದು ಅವರು ಹಿಂದಿಯಲ್ಲಿ ಹೇಳಿದರು. “ಒಳಗೆ ಯಾಕೆ ಹಾಕಿದ್ದು?”

ದೋಣಿಯ ಸಾಹೇಬರು ಇವರೇ ಎಂದು ತಿಳಿಯಿತು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ನಯವಾಗಿ ಕೇಳುವವರಿಗೆ ಬೇಗ ಬಾಯಿ ಬಿಡುತ್ತೇವೆ.

“ಮಳೆಗಾಲದಲ್ಲಿ ಮುಚ್ಚಿದ ದೋಣಿಗೆ ಗಾಳಿ ಬೇಕಲ್ಲ ಸಾಬ್. ಈ ಮಡಿಕೆಯಿಂದ ಗಾಳಿ ಆಡುತ್ತದೆ,” ಅಂದೆ. ಅದು ಸುಳ್ಳಲ್ಲ.

ಅವರು ಮಡಿಕೆಯನ್ನು ಬೆರಳಿನಿಂದ ಬಿಡಿಸಿ ನೋಡಿದರು. “ಪ್ರತಿ ವರ್ಷ ನಾನು ಬಾಗಿಲು ತೆಗೆದರೆ ಬೂಷ್ಟು. ಹಾಸಿಗೆ, ಪುಸ್ತಕ, ಮರ ಎಲ್ಲದರ ಮೇಲೂ. ಈ ವರ್ಷ ಒಂದು ಚುಕ್ಕೆ ಇಲ್ಲ. ಹಿತ್ತಾಳೆ ಹೊಳೆಯುತ್ತಿದೆ.” ಕವರನ್ನು ಮೂಗಿನ ಹತ್ತಿರ ಹಿಡಿದು, “ಬೆಳ್ಳುಳ್ಳಿಯ ವಾಸನೆ ಇದೆ,” ಅಂದರು.

ನಾನು ಮೇಜಿನ ಮೇಲಿನ ದಾರದ ತುಂಡುಗಳನ್ನು ಒಟ್ಟುಮಾಡಿದೆ.

“ಕಾವಲಿನವನು ಕೆಲಸ ಬಿಟ್ಟು ಹೋಗಿದ್ದಾನೆ. ನಾನು ಬರುವ ಸುದ್ದಿ ಕೇಳಿಯೇ ಹೋದನಂತೆ. ಎಲ್ಲಿದ್ದಾನೆ ಅಂತ ನಿಮಗೆ ಗೊತ್ತೇ?”

“ಗೊತ್ತಿಲ್ಲ.”

“ಸಿಕ್ಕರೆ ಬರಲು ಹೇಳಿ. ಕೆಲಸ ಕೊಡುತ್ತೇನೆ. ಅವನಿಗೆ, ಮತ್ತೆ ಯಾರಿದ್ದರೋ ಅವರಿಗೂ.”

ಹೊರಗಿನ ಬಿಸಿಲು ತಡೆಯಲು ಹ್ಯಾಚುಗಳಿಗೆ ಬೇರೆ ಟೊಪ್ಪಿಗಳನ್ನು ಹೊಲಿಯಲು ಹೇಳಿ, ಬಣ್ಣ ಆರಿಸಿ ಹೋದರು. ಗುಂಡಿ ಹೊರಗೆ, ಬಟ್ಟೆ ಬಿಳಿ.

ಗಂಡ ಹೊರಗೆ ಬಂದು, “ಇದು ಬಲೆ. ಕೆಲಸದ ಆಸೆ ತೋರಿಸಿ ಕರೆಸುವುದು, ಪೊಲೀಸರ ಕೈಗೆ ಕೊಡುವುದು,” ಅಂದರು. ನನಗೂ ಹಾಗೆಯೇ ತೋರಿತು. ಒಮ್ಮೊಮ್ಮೆ ಹಾಗಲ್ಲವೇನೋ ಅನ್ನಿಸುತ್ತಿತ್ತು. ಆ ಮುಖದಲ್ಲಿ ಓದಲು ಏನೂ ಇರಲಿಲ್ಲ.

ದೀಪಾವಳಿಯ ಹೊತ್ತಿಗೆ ಹೊಸ ನಂಬರಿನಿಂದ ಫೋನು ಬಂತು. ಅವಳು. ಮಳೆಗಾಲ ಚೆನ್ನಾಗಿ ಕಳೆಯಿತು, ನಿಮಗೊಂದು ಮಾತು ಹೇಳೋಣವೆಂದು ಮಾಡಿದೆ ಅಂದಳು. ಎಲ್ಲಿದ್ದೀರಿ ಎಂದು ನಾನು ಬೇಕೆಂದೇ ಕೇಳಲಿಲ್ಲ. ಸಾಹೇಬರು ಬಂದದ್ದು, ಹೇಳಿದ್ದು, ಬೂಷ್ಟು, ಬೆಳ್ಳುಳ್ಳಿ ಎಲ್ಲ ಹೇಳಿದೆ.

“ಅವ್ರನ್ನ ನಂಬಬಹುದೇನ್ರಿ ಅಕ್ಕಾರ?”

“ನನಗೆ ಗೊತ್ತಿಲ್ಲ. ನಾನು ನೋಡಿದ್ದು ಒಂದೇ ಸಲ. ನನ್ನ ಗಂಡ ಬೇಡ ಅಂತಾರೆ.”

“ನೀವು?”

“ಹಗಲಲ್ಲಿ ಹೋಗಿ. ನೀವೂ ಜೊತೆಗೆ ಹೋಗಿ. ಹೋಗುವ ಮೊದಲು ನನಗೆ ತಿಳಿಸಿ, ಆಮೇಲೂ ತಿಳಿಸಿ,” ಅಂದೆ.

ಅವರು ಹೋದ ದಿನ ನಾನು ಸೂಜಿ ಮುರಿದುಕೊಂಡೆ, ಒಂದು ಹುಡ್ಡನ್ನು ತಲೆಕೆಳಗಾಗಿ ಹೊಲಿದೆ. ಸಂಜೆ ಫೋನು ಬಂತು. ಸಾಹೇಬರು ಬೈದರಂತೆ, ಕೇಳದೆ ಇದ್ದದ್ದಕ್ಕೆ. ಬೈದು ಮುಗಿದ ಮೇಲೆ ಬೇಲಾಪುರದ ಆಚೆ ಕಾಮೋಠೆಯಲ್ಲಿ ಪರಿಚಯದವರ ಒಂದು ಖೋಲಿ ತೋರಿಸಿದರಂತೆ. ಮಳೆಗಾಲದಲ್ಲಿ ದಿನಾ ಬಂದು ದೋಣಿ ತೆರೆದು ಗಾಳಿಯಾಡಿಸಿ, ಒರೆಸಿ ಹೋಗುವ ಕೆಲಸ ಅವಳಿಗೆ, ಸಂಬಳದ ಮೇಲೆ. ಅವನಿಗೆ ಹಳೆಯ ಕಾವಲು.

ಬಿಳಿ ಟೊಪ್ಪಿಗಳನ್ನು ಕೂರಿಸಲು ಹೋದಾಗ ಸಾಹೇಬರು, ಅವನು, ಅವಳು, ನಾನು ನಾಲ್ವರೂ ಡೆಕ್ಕಿನ ಮೇಲಿದ್ದೆವು. ನನ್ನ ಗಂಡ ಮಾತ್ರ ಏಣಿಯ ಹತ್ತಿರವೇ ನಿಂತಿದ್ದರು. ಸಾಹೇಬರು ಕೋಣೆಗೆ ಇಳಿಯುವ ಮೊದಲು ಒಮ್ಮೆ ಮೂಗೆಳೆದು ನೋಡಿದರು. ಅವರು ಮೂಗೆಳೆದದ್ದನ್ನು ಅವನು ನೋಡಿದ. ಅವನು ನೋಡಿದ್ದನ್ನು ಅವಳು ನೋಡಿ, ತುಟಿ ಬಿಗಿಹಿಡಿದು ನಕ್ಕಳು. ಅವರಲ್ಲಿ ಯಾರೂ ಯಾರನ್ನೂ ಪೂರ್ತಿ ನಂಬಿದ ಹಾಗೆ ನನಗೆ ಕಾಣಲಿಲ್ಲ. ಆದರೂ ಸಾಹೇಬರು ದೋಣಿ ಮಾರುವವರೆಗೂ, ಹಲವು ಮಳೆಗಾಲ, ಆ ಕೆಲಸ ಅವಳ ಕೈಯಲ್ಲೇ ಇತ್ತು.

“ಆ ಸಾಹೇಬನಿಗೆ ಇದರಲ್ಲಿ ಎಂತದೋ ಲಾಭ ಉಂಟು,” ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ಇದ್ದಿರಲೂಬಹುದು. ಬೂಷ್ಟಿಲ್ಲದ ಒಣ ದೋಣಿ ಸಿಕ್ಕಿತಲ್ಲ.